ಗಿರಣಿಯನ್ನು ಗುಜರಿಗೆ ಹಾಕಬೇಡ ಮಾರಾಯ

ಮಾಟುಂಗಾ, ಮುಂಬೈ

ಪ್ರೀತಿಯ ಮಂಜು,

ಅಜ್ಜಿ ಕಾಲದ ಕಾಫಿ ಗಿರಣಿ ಅಟ್ಟದಲ್ಲಿ ಸಿಕ್ಕಿದೆ, ಗುಜರಿಯವನು ತೂಕಕ್ಕೆ ಕೇಳ್ತಿದ್ದಾನೆ ಅಂತ ಬರೆದಿದ್ದೀಯ. ಕೊಡಬೇಡ ಮಾರಾಯ. ಫೋಟೋ ನೋಡಿದರೆ ಬೀಡು ಕಬ್ಬಿಣದ್ದು, ಹಲಗೆಗೆ ಬೋಲ್ಟ್ ಹಾಕಿ ಕೂರಿಸುವಂಥದ್ದು. ಮೈಮೇಲೆ ಉಬ್ಬಿದ ಅಕ್ಷರ ಇದೆಯಾ ನೋಡು. ಲಂಡನ್ನಿನ ಸ್ಪಾಂಗ್ ಕಂಪನಿಯದ್ದಾದರೆ ಹೆಸರು ಇರುತ್ತದೆ. ಕಾರು ಮಾಡುವ ಪೂಜೋ ಕಂಪನಿ ಕೂಡ 1840ರಲ್ಲೇ ಕಾಫಿ ಗಿರಣಿ ಮಾಡುತ್ತಿತ್ತು, ಕಾರು ಎಲ್ಲ ಆಮೇಲಿನ ಕಥೆ. ಹೆಸರು ಇಲ್ಲದಿದ್ದರೂ ಪರವಾಗಿಲ್ಲ ಬಿಡು. ನನಗೆ ಹೆಸರಿಗಿಂತ ಒಳಗೆ ಬೀಜ ಅರೆಯುವ ಹಲ್ಲು ಮುಖ್ಯ.

ಹಿಡಿಕೆ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ ನೋಡು. ನಡುವಿನ ಸರಳು ಲೊಡಲೊಡ ಅಂದರೆ ಪುಡಿ ಒಂದು ಕಡೆ ಹಿಟ್ಟು, ಒಂದು ಕಡೆ ರವೆ. ಗಟ್ಟಿಯಾಗಿದ್ದರೆ ಅರ್ಧ ಗೆದ್ದ ಹಾಗೆ. ನೀರು ಹಾಕಿ ಮಾತ್ರ ತೊಳೆಯಬೇಡ. ಒಣ ಬ್ರಷ್ಷಿನಿಂದ ಉಜ್ಜು. ಸ್ಕ್ರೂ ಹಿಡಿದುಕೊಂಡಿದ್ದರೆ ಹೊರಗಿನಿಂದ ಒಂದೆರಡು ಹನಿ ಸೀಮೆಎಣ್ಣೆ ಬಿಟ್ಟು ರಾತ್ರಿ ಇಡು. ಆಮೇಲೆ ಹಳಸಿದ ಬೀಜ ಒಂದಷ್ಟು ಬೀಸಿ ಚೆಲ್ಲು, ವಾಸನೆ ಹೋಗುವ ತನಕ.

ಇಲ್ಲಿ ಹಳೇ ಸಾಮಾನು ಮಾರುವ ಚೋರ್ ಬಜಾರಿನ ಮಟನ್ ಸ್ಟ್ರೀಟಿನಲ್ಲಿ ಇಂಥದ್ದಕ್ಕೆ ಅಂಗಡಿಯವರು ಮುಖ ನೋಡಿ ಬೆಲೆ ಹೇಳುತ್ತಾರೆ. ಹೊಸ ಹಿತ್ತಾಳೆಗೆ ಮಸಿ ಹಿಡಿಸಿ ಹಳೇದು ಅಂತ ಮಾರುವವರೂ ಇದ್ದಾರೆ. ಮೇಲೆಲ್ಲ ಥಳಕು, ಒಳಗೆಲ್ಲ ಹುಳುಕು. ಅದಕ್ಕೇ ನಾನು ಕಾಫಿ ಇಳಿಯುತ್ತದಾ, ಬಿಡಿಭಾಗ ಸಿಗುತ್ತದಾ ಅಂತ ನೋಡಿಯೇ ತಗೊಳ್ಳೋದು. ಸುಮ್ನೆ ಶೋಕೇಸಿಗೆ ಇಡಲು ಈ ಊರಿನ ಮನೆಯಲ್ಲಿ ಜಾಗ ಎಲ್ಲಿದೆ ಹೇಳು?

ನೀನು ಕೇಳಿದ ಎಂಟು ಮೂಲೆಯ ಪಾತ್ರೆ ಇಟಲಿಯ ಮೋಕಾ ಪಾಟ್, ಒಲೆಯ ಮೇಲಿಟ್ಟು ಕಾಫಿ ಮಾಡುವಂಥದ್ದು. ಬಿಯಾಲೆಟ್ಟಿ 1933ರಲ್ಲಿ ಶುರು ಮಾಡಿದ ಮಾದರಿ, ಅಲ್ಯುಮಿನಿಯಂನದ್ದು. ಕೆಳಗಿನ ಪಾತ್ರೆಯ ನೀರು ಕಾದಾಗ ಒತ್ತಡ ಹುಟ್ಟುತ್ತದೆ, ಆ ಒತ್ತಡಕ್ಕೆ ನೀರು ಪುಡಿಯ ಮೂಲಕ ಮೇಲೇರುತ್ತದೆ. ಹಳೇದು ಕೊಳ್ಳುವಾಗ ನಾನು ಮೊದಲು ನೋಡುವುದು ಪಕ್ಕದ ಸೇಫ್ಟಿ ವಾಲ್ವ್. ಅದು ಕಟ್ಟಿಕೊಂಡಿದ್ದರೆ ಒಲೆಯ ಮೇಲೆ ಇಡಲೇಬಾರದು. ನೀರು ಕೂಡ ವಾಲ್ವಿಗಿಂತ ಕೆಳಗೇ ಇರಬೇಕು. ರಬ್ಬರ್ ವಾಷರ್ ಒಣಗಿ ಬಿರಿದಿದ್ದರೆ ಚಿಂತೆಯಿಲ್ಲ, ಅಳತೆ ನೋಡಿ ಹೊಸದು ಹಾಕಿದರಾಯಿತು. ಪುಡಿಯನ್ನು ನಮ್ಮ ಫಿಲ್ಟರಿನ ಹಾಗೆ ಒತ್ತಬಾರದು. ಮತ್ತೆ ನಮ್ಮ ಮನೆಯಲ್ಲಿ ಹುಣಸೆಹಣ್ಣು ಹಿಡಿದು ಬೆಳಗಲು ಹೊರಟವರನ್ನು ತಡೆಯುವುದೇ ಒಂದು ಕೆಲಸ. ಹಿತ್ತಾಳೆಗೆ ಅದು ಸರಿ, ಅಲ್ಯುಮಿನಿಯಂಗೆ ಹುಳಿ ಆಗಿಬರಲ್ಲ.

ಆದರೂ ಬೆಳಗಿನ ಮೊದಲ ಲೋಟ ಹಿತ್ತಾಳೆ ಫಿಲ್ಟರಿನದ್ದೇ. ಹೋದ ವಾರ ಅದಕ್ಕೆ ಕಲಾಯಿ ಹಾಕಿಸಿದೆ. ಬೀದಿಯಲ್ಲಿ ಕೂಗಿಕೊಂಡು ಬರುವವರು ಈಗ ಅಪರೂಪ, ಹುಡುಕಿಕೊಂಡೇ ಹೋಗಬೇಕು. ಕಲಾಯಿಯವನು ಕೆಂಡದ ಮೇಲೆ ಪಾತ್ರೆ ಕಾಯಿಸಿದ, ನವಸಾಗರ ಉದುರಿಸಿದ, ಬಿಳಿ ಹೊಗೆ ಎದ್ದಿತು. ತವರದ ಕಡ್ಡಿ ಮುಟ್ಟಿಸಿ ಹತ್ತಿಯಿಂದ ಒಂದು ಸುತ್ತು ಒರೆಸಿದ, ಒಳಗೆಲ್ಲ ಬೆಳ್ಳಿ ಬಣ್ಣ. ತಳದ ತೂತುಗಳಲ್ಲಿ ತವರ ಕೂತುಬಿಡುತ್ತದೆ ಅಂತ ಮೊದಲೇ ಹೇಳಿಟ್ಟಿದ್ದೆ. ಬಿಸಿ ಇರುವಾಗಲೇ ಕುಟ್ಟಿ ಕೆಡವಿದ, ಉಳಿದದ್ದನ್ನು ನಾನು ಮನೆಯಲ್ಲಿ ಸೂಜಿ ಹಿಡಿದು ಬಿಡಿಸಿದೆ.

ಪುಡಿಗೆ ಇಲ್ಲಿ ತೊಂದರೆ ಇಲ್ಲ. ಮಾಟುಂಗಾದಲ್ಲಿ ಮೈಸೂರು ಕನ್ಸರ್ನ್ಸ್ ಅನ್ನೋ ಕಾಫಿ ಪುಡಿ ಅಂಗಡಿ ಇದೆ, ಮುಂದೆ ನಿಂತರೆ ಸಾಕು, ಘಮ ಹೊಡೆಯುತ್ತದೆ. ಫಿಲ್ಟರಿಗೆ ಚಿಕೋರಿ ಬೆರೆಸಿದ್ದು, ಮೋಕಾಗೆ ಬರೀ ಕಾಫಿ ಸ್ವಲ್ಪ ದಪ್ಪಗೆ ಬೀಸಿದ್ದು. ಎರಡೂ ಡಬ್ಬಿ ಮಳೆಗಾಲದಲ್ಲಿ ಬಿಗಿಯಾಗಿ ಮುಚ್ಚಿಡಬೇಕು, ಇಲ್ಲಿಯ ಗಾಳಿ ನಿನಗೆ ಗೊತ್ತಲ್ವಾ.

ನೀನು ಬರುವುದಾದರೆ ಶುಕ್ರವಾರ ಬಿಟ್ಟು ಬಾ, ಅವತ್ತು ಮಟನ್ ಸ್ಟ್ರೀಟಿನ ಅಂಗಡಿಗಳಿಗೆ ರಜೆ. ಗಿರಣಿ ಹೊತ್ತು ತರಬೇಡ, ಭಾರ. ತೋಟದ ಹುರಿಯದ ಬೀಜ ಎರಡು ಕೆ.ಜಿ. ತಾ. ಕೈಯಲ್ಲಿ ತಿರುಗಿಸುವ ಹುರಿಯೋ ಡ್ರಮ್ಮು ನನಗಿನ್ನೂ ಸಿಕ್ಕಿಲ್ಲ, ಬಾಣಲೆಯಲ್ಲೇ ಹುರಿಯೋಣ.

ನಿನ್ನ,
ಶ್ರೀಧರ