ಗ್ರಹಣವನ್ನು ದೂರಬೇಡಿ, ಮಗುವಿನ ಅಂಗುಳ ನೋಡಿ

ಮಾನ್ಯರೇ,

2025ರ ಸೆಪ್ಟೆಂಬರ್ 7ರ ರಾತ್ರಿ ಚಂದ್ರಗ್ರಹಣವಿತ್ತು. ಅದಕ್ಕೆ ನಾಲ್ಕು ದಿನ ಮೊದಲಿನಿಂದಲೇ ಟಿವಿಯಲ್ಲಿ, ಮೊಬೈಲಿನಲ್ಲಿ ಗರ್ಭಿಣಿಯರು ಏನೇನು ಮಾಡಬಾರದು ಎಂಬ ಮಾತು ಶುರುವಾಗಿತ್ತು. ಚಾಕು ಮುಟ್ಟಬಾರದು, ಸೂಜಿ ಹಿಡಿಯಬಾರದು, ತರಕಾರಿ ಹೆಚ್ಚಿದರೆ ಮಗುವಿನ ತುಟಿ ಸೀಳುತ್ತದೆ. ನಮ್ಮ ಪಕ್ಕದ ಮನೆಯ ಹುಡುಗಿ ಹೆರಿಗೆಗೆಂದು ತವರಿಗೆ ಬಂದಿದ್ದಳು. ಅವಳನ್ನು ಕೋಣೆಯಲ್ಲಿ ಕೂರಿಸಿ, ಕಿಟಕಿ ಸಂದಿಗೆ ಬಟ್ಟೆ ತುರುಕಿ, ಗ್ರಹಣ ಬಿಡುವವರೆಗೂ ಒಂದು ಲೋಟ ನೀರು ಕೊಡಲಿಲ್ಲ. ಈ ಪತ್ರ ಬರೆಯಲೇಬೇಕು ಅನಿಸಿದ್ದು ಅವತ್ತು.

ನನ್ನ ಮಗಳು ಹುಟ್ಟಿದ್ದು 2020ರ ಏಪ್ರಿಲ್ ಕೊನೆಯಲ್ಲಿ. ಮೇಲ್ದುಟಿ ಎಡಗಡೆ ಮೂಗಿನ ಹೊಳ್ಳೆಯವರೆಗೂ ಸೀಳಿತ್ತು. ಒಳಗೆ ಅಂಗುಳವೂ ಕೂಡಿರಲಿಲ್ಲ. ನಾನು ಆಸ್ಪತ್ರೆಯಿಂದ ಮನೆಗೆ ಬರುವಷ್ಟರಲ್ಲಿ ತಪ್ಪು ನನ್ನದೇ ಎಂದು ಎಲ್ಲರೂ ತೀರ್ಮಾನ ಮಾಡಿಬಿಟ್ಟಿದ್ದರು. 2019ರ ಡಿಸೆಂಬರ್ 26ರ ಕಂಕಣ ಸೂರ್ಯಗ್ರಹಣದ ಬೆಳಗ್ಗೆ ನಾನು ಈಳಿಗೆ ಮಣೆ ಮುಂದೆ ಕೂತು ಬದನೆಕಾಯಿ ಹೆಚ್ಚಿದ್ದೆ. ಅತ್ತೆ ನೋಡಿದ್ದರು.

ಆಗ ನನಗೆ ಐದು ತಿಂಗಳು. ಮಗುವಿನ ತುಟಿ ಕೂಡಿಕೊಳ್ಳುವುದು ಗರ್ಭದ ನಾಲ್ಕರಿಂದ ಏಳನೇ ವಾರದೊಳಗೆ. ಅಂಗುಳ ಕೂಡುವುದೂ ಮೂರು ತಿಂಗಳೊಳಗೇ ಮುಗಿಯುತ್ತದೆ. ಎಷ್ಟೋ ಹೆಂಗಸರಿಗೆ ತಾವು ಬಸುರಿ ಎಂದು ಗೊತ್ತಾಗುವ ಹೊತ್ತಿಗೆ ಆ ತುಟಿ ಕೂಡಿರುತ್ತದೆ, ಇಲ್ಲವೇ ಕೂಡದೆ ಉಳಿದಿರುತ್ತದೆ. ಅಂದರೆ ಆ ಗ್ರಹಣ ಹಿಡಿಯುವ ಎಷ್ಟೋ ದಿನ ಮೊದಲೇ ನನ್ನ ಮಗುವಿನ ತುಟಿ ಸೀಳಿತ್ತು. ಇಷ್ಟು ಸರಳವಾದ ಲೆಕ್ಕ ನನಗೆ ಯಾರೂ ಹೇಳಿರಲಿಲ್ಲ. ಒಂದು ವರ್ಷ ಪೂರ್ತಿ ಆ ಬದನೆಕಾಯಿ ನೆನೆಸಿಕೊಂಡು ಅತ್ತಿದ್ದೇನೆ. ಸುಮಾರು 700ರಿಂದ 1000 ಮಕ್ಕಳಲ್ಲಿ ಒಂದಕ್ಕೆ ಹೀಗಾಗುತ್ತದಂತೆ. ವಂಶದಲ್ಲಿ ಬಂದಿರಬಹುದು, ಕೆಲವು ಔಷಧಿಗಳಿಂದ ಆಗಬಹುದು, ಹೊಗೆಬತ್ತಿಯಿಂದ ಆಗಬಹುದು. ಹೆಚ್ಚಿನ ಸಲ ಇದೇ ಕಾರಣ ಎಂದು ಬೆರಳು ತೋರಿಸಲು ಡಾಕ್ಟರಿಗೂ ಆಗುವುದಿಲ್ಲ.

ಆಸ್ಪತ್ರೆಯ ಮೊದಲ ಎರಡು ದಿನ ನಾನು ಮರೆಯುವಂಥದ್ದಲ್ಲ. ಅಂಗುಳ ಸೀಳಿದ ಮಗು ಹಾಲು ಚೀಪಲಾರದು. ಬಾಯಿ ಮುಚ್ಚಿ ಎಳೆದುಕೊಳ್ಳೋಣವೆಂದರೆ ಮೂಗಿನಿಂದ ಗಾಳಿ ಬಾಯೊಳಗೆ ನುಗ್ಗಿಬಿಡುತ್ತದೆ. ಮಗು ಎದೆಗೆ ಬಾಯಿ ಹಾಕುತ್ತಿತ್ತು, ಒದ್ದಾಡುತ್ತಿತ್ತು, ಸೋತು ಮಲಗುತ್ತಿತ್ತು. ಅಷ್ಟಿಷ್ಟು ಒಳಗೆ ಹೋದ ಹಾಲು ಮೂಗಿನಿಂದ ಬರುತ್ತಿತ್ತು. ಕೇಳಿದರೆ ‘ಟ್ರೈ ಮಾಡ್ತಾ ಇರಿ’ ಎನ್ನುತ್ತಿದ್ದರು. ಕೊನೆಗೆ ದಾರಿ ತೋರಿಸಿದ್ದು ವಾರ್ಡ್ ಗುಡಿಸುವ ಆಯಮ್ಮ. ‘ಮಗೀನ ನೆಟ್ಟಗೆ ಕೂರಿಸ್ಕೊಂಡು ಒಳಲೇಲಿ ಹಾಕವ್ವ’ ಅಂದರು. ಅತ್ತೆಯೇ ಅಟ್ಟ ಹತ್ತಿ ತಮ್ಮ ಮಕ್ಕಳಿಗೆ ಹಾಲು ಹಾಕಿದ ಹಳೇ ಬೆಳ್ಳಿ ಒಳಲೆ ಹುಡುಕಿ, ಕುದಿಸಿ, ಕೊಟ್ಟು ಕಳಿಸಿದರು. ಎದೆಹಾಲು ಹಿಂಡಿ, ಸ್ವಲ್ಪ ಸ್ವಲ್ಪವೇ ಕೆನ್ನೆಯ ಪಕ್ಕದಿಂದ ಬಿಟ್ಟೆವು. ಮಗು ಹೊಟ್ಟೆ ತುಂಬಿ ಮಲಗಿದ್ದು ಆಗಲೇ.

ತುಟಿಯ ಆಪರೇಷನ್ ಮೂರು ತಿಂಗಳಿಗೇ ಮಾಡಬಹುದು. ಹತ್ತು ವಾರ ತುಂಬಿರಬೇಕು, ಸುಮಾರು ನಾಲ್ಕೂವರೆ ಕೆಜಿ ತೂಕ ಇರಬೇಕು, ಹಿಮೋಗ್ಲೋಬಿನ್ 10 ಇರಬೇಕು, ಇದು ಡಾಕ್ಟರುಗಳ ಹಳೇ ಲೆಕ್ಕ. ಕೊರೊನಾದಿಂದಾಗಿ ನಮಗೆ ನವೆಂಬರ್ ಆಯಿತು. ಪ್ಲಾಸ್ಟಿಕ್ ಸರ್ಜರಿ ಎಂದ ಕೂಡಲೇ ನೆಂಟರೊಬ್ಬರು ‘ಅಷ್ಟು ಸಣ್ಣ ಮಗುಗೆ ಪ್ಲಾಸ್ಟಿಕ್ ಹಾಕ್ತಾರಾ?’ ಎಂದು ಗಾಬರಿಯಾದರು. ಪ್ಲಾಸ್ಟಿಕ್ ಏನೂ ಇಲ್ಲ. ರೂಪ ಕೊಡುವುದು ಎಂಬರ್ಥದ ಗ್ರೀಕ್ ಪದದಿಂದ ಬಂದ ಹೆಸರದು. ಮಗುವಿನದೇ ಚರ್ಮ, ಮಗುವಿನದೇ ಮಾಂಸಖಂಡ, ದಿಕ್ಕು ತಪ್ಪಿ ಅಂಟಿಕೊಂಡಿದ್ದನ್ನು ಬಿಡಿಸಿ ಪದರ ಪದರವಾಗಿ ಕೂಡಿಸುತ್ತಾರೆ. ಕೈ ಬಾಯಿಗೆ ಹೋಗದಿರಲಿ ಎಂದು ಮೊಣಕೈಗೆ ರಟ್ಟು ಕಟ್ಟಿದ್ದರು. ಎರಡೂ ಕೈ ಚಾಚಿಕೊಂಡೇ ಮಲಗಿರುತ್ತಿದ್ದಳು. ನಮಗೆ ದುಡ್ಡು ಖರ್ಚಾಗಲಿಲ್ಲ. ಸ್ಮೈಲ್ ಟ್ರೈನ್ ಎಂಬ ಸಂಸ್ಥೆ 2000ದಿಂದಲೂ ನಮ್ಮ ದೇಶದಲ್ಲಿ ಈ ಆಪರೇಷನ್ನುಗಳನ್ನು ಉಚಿತವಾಗಿ ಮಾಡಿಸುತ್ತಿದೆ.

ನಾವು ಎಡವಿದ್ದು ಇಲ್ಲೇ. ತುಟಿ ಕೂಡಿತು, ಗೆರೆ ತಿಳಿಯಾಯಿತು, ಮಗು ನಕ್ಕಿತು. ‘ಚೆನ್ನಾಗಾಯ್ತಲ್ಲ, ಇನ್ನೇನು’ ಎಂದರು ಊರವರು. ನಾವೂ ಹಾಗೇ ಅಂದುಕೊಂಡೆವು. ತುಟಿ ಎಲ್ಲರಿಗೂ ಕಾಣುತ್ತದೆ, ಅಂಗುಳ ಯಾರಿಗೂ ಕಾಣುವುದಿಲ್ಲ, ಅಲ್ವಾ? ಅಂಗುಳದ ಆಪರೇಷನ್ ಒಂಬತ್ತರಿಂದ ಹದಿನೆಂಟು ತಿಂಗಳೊಳಗೆ, ಮಗು ಮಾತು ಕಲಿಯುವ ಮುಂಚೆ ಆಗಬೇಕು. ಡಿಸ್ಚಾರ್ಜ್ ಚೀಟಿಯಲ್ಲಿ ‘ರಿವ್ಯೂ’ ಎಂದಷ್ಟೇ ಇತ್ತು. ಯಾವಾಗ, ಯಾಕೆ ಎಂದು ಕೂತು ಹೇಳಿದವರಿಲ್ಲ. ನಮ್ಮ ಮಗಳಿಗೆ ಅದು ಆಗುವ ಹೊತ್ತಿಗೆ ಎರಡು ವರ್ಷ ಎಂಟು ತಿಂಗಳು.

ಅಷ್ಟರಲ್ಲಿ ಅವಳು ಮಾತು ಕಲಿತಾಗಿತ್ತು. ‘ಅಪ್ಪ’ ಎನ್ನಲು ಹೋದರೆ ‘ಅಮ್ಮ’ ಎಂದೇ ಕೇಳುತ್ತಿತ್ತು. ‘ಪ’ ಅನ್ನಬೇಕಾದರೆ ಬಾಯೊಳಗೆ ಗಾಳಿ ನಿಲ್ಲಬೇಕು. ನಿಲ್ಲಲು ಮೇಲೆ ಸೂರಿಲ್ಲ, ಗಾಳಿ ಮೂಗಿಗೆ ಹೋಗುತ್ತದೆ, ‘ಪ’ ‘ಮ’ ಆಗುತ್ತದೆ. ಇವರು ಹೊಲದಿಂದ ಬಂದರೆ ಬಾಗಿಲಿಗೆ ಓಡಿಹೋಗಿ ‘ಅಮ್ಮ, ಅಮ್ಮ’ ಎಂದು ಕೈ ಹಿಡಿದು ಎಳೆಯುತ್ತಿದ್ದಳು. ‘ಕ’ ಬರುತ್ತಲೇ ಇರಲಿಲ್ಲ, ಗಂಟಲಲ್ಲಿ ಬಿಕ್ಕಿದ ಹಾಗೆ ಒಂದು ಸದ್ದು. ಟಿವಿ ಸೌಂಡ್ ಜಾಸ್ತಿ ಮಾಡು ಎಂದು ಹಟ ಮಾಡುತ್ತಿದ್ದಳು. ಅದು ಹಟ ಅಲ್ಲ, ಕಿವಿ ತಮಟೆಯ ಹಿಂದೆ ನೀರು ತುಂಬಿ ಕಿವಿ ಮಂದವಾಗಿತ್ತು. ಅಂಗುಳ ಸೀಳಿದ ಮಕ್ಕಳಲ್ಲಿ ಇದು ತುಂಬಾ ಸಾಮಾನ್ಯವಂತೆ.

ಕೊನೆಗೆ ನಮಗೆ ದಾರಿ ಸಿಕ್ಕಿದ್ದು ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿ. 1965ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಸಂಸ್ಥೆ. ಸೀಳು ತುಟಿ, ಸೀಳು ಅಂಗುಳದವರಿಗೆಂದೇ ಅಲ್ಲಿ ಬೇರೆ ವಿಭಾಗವಿದೆ. ಅಲ್ಲಿನ ಮೇಡಂ ಮಗಳ ಮೂಗಿನ ಕೆಳಗೆ ಒಂದು ಪುಟ್ಟ ಕನ್ನಡಿ ಹಿಡಿದು ‘ಪಾಪಾ’ ಹೇಳಿಸಿದರು. ಕನ್ನಡಿ ಮಂಜು ಮಂಜಾಯಿತು. ಗಾಳಿ ಎಲ್ಲಿ ಸೋರುತ್ತಿದೆ ಎಂದು ನನ್ನ ಕಣ್ಣಿಗೆ ಕಂಡಿದ್ದು ಆಗ. ಮನೆಯಲ್ಲಿ ದಿನಾ ಹದಿನೈದು ನಿಮಿಷ ಅಭ್ಯಾಸ ಮಾಡಿಸಿದೆ. ಅರಸೀಕೆರೆಯಿಂದ ಮೈಸೂರಿಗೆ ಹೋಗಿ ಬರುವುದೆಂದರೆ ಒಂದು ದಿನದ ಕೂಲಿ ಹೋಯಿತು. ಎಷ್ಟು ಮನೆಯವರಿಗೆ ಇದು ಆಗುತ್ತದೆ, ಯೋಚಿಸಿ.

ಹಾಗಾಗಿ ಆರೋಗ್ಯ ಇಲಾಖೆಗೆ ನನ್ನ ವಿನಂತಿ. ಹೆರಿಗೆಯಾದ ದಿನವೇ ಪ್ರತಿ ಮಗುವಿನ ಬಾಯಿಗೆ ಟಾರ್ಚ್ ಬಿಟ್ಟು ಅಂಗುಳ ನೋಡಿ. ತುಟಿ ಚೆನ್ನಾಗಿದ್ದು ಅಂಗುಳ ಮಾತ್ರ ಸೀಳಿದ ಮಕ್ಕಳೂ ಇದ್ದಾರೆ, ಅವರು ಕಣ್ಣು ತಪ್ಪುವುದು ಇನ್ನೂ ಸುಲಭ. ಸೀಳು ಇದ್ದರೆ ತಾಯಿ ಕಾರ್ಡಿನಲ್ಲೇ ಬರೆದುಕೊಡಿ: ತುಟಿಗೆ ಯಾವಾಗ, ಅಂಗುಳಕ್ಕೆ ಯಾವಾಗ, ಕಿವಿ ಪರೀಕ್ಷೆ ಯಾವಾಗ, ಮಾತಿನ ತರಬೇತಿ ಎಲ್ಲಿ, ಎಂಟರಿಂದ ಹನ್ನೊಂದು ವರ್ಷದೊಳಗೆ ಸೊಂಟದ ಮೂಳೆ ತೆಗೆದು ವಸಡಿನ ಸೀಳಿಗೆ ತುಂಬಿಸುವುದು ಯಾವಾಗ. 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವಿದೆ, ಅದರ ಪಟ್ಟಿಯಲ್ಲಿ ಸೀಳು ತುಟಿಯೂ ಸೀಳು ಅಂಗುಳವೂ ಇವೆ. ಆಶಾ ಕಾರ್ಯಕರ್ತೆಯರು ಮನೆ ಬಾಗಿಲಿಗೇ ಬರುತ್ತಾರೆ. ಅವರ ಕೈಗೆ ಈ ಮಾಹಿತಿ ಕೊಟ್ಟರೆ ಸಾಕು, ಯಾವ ತಾಯಿಯೂ ನನ್ನ ಹಾಗೆ ಎರಡು ವರ್ಷ ಸುಮ್ನೆ ಕಳೆದುಕೊಳ್ಳಬೇಕಾಗಿಲ್ಲ. ವಾರಕ್ಕೊಂದು ದಿನವಾದರೂ ಮಾತಿನ ತರಬೇತಿ ಕೊಡುವವರು ತಾಲ್ಲೂಕು ಆಸ್ಪತ್ರೆಗೆ ಬರುವಂತಾಗಲಿ.

ನಿಮ್ಮ ಪತ್ರಿಕೆಗೂ ಒಂದು ಕೋರಿಕೆ. 2027ರ ಆಗಸ್ಟ್ 2ರಂದು ಸೂರ್ಯಗ್ರಹಣವಿದೆ, ನಮ್ಮ ದೇಶದ ಹಲವು ಕಡೆ ಭಾಗಶಃ ಕಾಣುತ್ತದೆ. ಆ ದಿನ ಗ್ರಹಣದ ಸಮಯ ಹಾಕುವ ಜಾಗದ ಪಕ್ಕದಲ್ಲೇ, ತುಟಿ ಏಳನೇ ವಾರಕ್ಕೆ ಕೂಡಿರುತ್ತದೆ, ಗ್ರಹಣಕ್ಕೂ ಅದಕ್ಕೂ ಸಂಬಂಧವಿಲ್ಲ ಎಂಬ ಎರಡು ಸಾಲು ಹಾಕಿ.

ಇಂತಿ,
ಒಬ್ಬ ತಾಯಿ
ಅರಸೀಕೆರೆ ತಾಲ್ಲೂಕು, ಹಾಸನ ಜಿಲ್ಲೆ