ಫಲಿತಾಂಶದ ಪುಟಕ್ಕೆ ಫೋಟೊ ಯಾಕೆ ಬೇಕು?

ಮಾನ್ಯ ಸಂಪಾದಕರೇ,

ಅಮೆರಿಕದ ಎಒಎಲ್ ಕಂಪನಿ 2025ರ ಸೆಪ್ಟೆಂಬರ್ 30ಕ್ಕೆ ತನ್ನ ಡಯಲ್‌-ಅಪ್ (ಫೋನ್ ಲೈನಿನ ಮೂಲಕ ಇಂಟರ್‌ನೆಟ್) ಸೇವೆ ನಿಲ್ಲಿಸಿತು ಅಂತ ಓದಿದಾಗಿನಿಂದ ಈ ಪತ್ರ ಬರೆಯಬೇಕು ಅನ್ನಿಸುತ್ತಿತ್ತು. ಸುಮ್ನೆ ಹಳೇ ನೆನಪು ಹೇಳಿಕೊಳ್ಳಲು ಅಲ್ಲ. ಪರೀಕ್ಷೆಯ ಫಲಿತಾಂಶದಂಥ ಜಾಲತಾಣದ ಪುಟಗಳ ಬಗ್ಗೆ ಕೇಳಬೇಕಾದ ಮಾತೊಂದಿದೆ.

1996ರಲ್ಲಿ ನಾನು ಶಿವಮೊಗ್ಗ ಜಿಲ್ಲೆಯ ಒಂದು ಕಾಲೇಜಿನಲ್ಲಿ ಲೈಬ್ರರಿಯನ್ ಆಗಿದ್ದೆ. ಹಿಂದಿನ ವರ್ಷ ಆಗಸ್ಟ್ 15ಕ್ಕೆ ಸರ್ಕಾರಿ ಕಂಪನಿ ವಿಎಸ್‌ಎನ್‌ಎಲ್ ದೇಶದಲ್ಲಿ ಜನಸಾಮಾನ್ಯರಿಗೆ ಇಂಟರ್‌ನೆಟ್ ಶುರು ಮಾಡಿತ್ತು. ನಮ್ಮ ಕಾಲೇಜಿಗೂ ಒಂದು ಶೆಲ್ ಅಕೌಂಟ್ ಬಂತು. ಶೆಲ್ ಅಂದರೆ ಬರೀ ಅಕ್ಷರ, ಚಿತ್ರ ಇಲ್ಲ. ಕೆಲಸವೆಲ್ಲ ನಡೆಯುವುದು ದೂರದ ಬೆಂಗಳೂರಿನ ಕಂಪ್ಯೂಟರಿನಲ್ಲಿ. ನಮ್ಮ ಪರದೆಗೆ ಬರುವುದು ಅದು ಕಳಿಸಿದ ಸಾಲುಗಳು ಮಾತ್ರ. ಅಲ್ಲಿಗೆ ಸಂಪರ್ಕ ಪಡೆಯಲು ದೂರದ ಊರಿನ ಕರೆ, ಅಂದರೆ ಎಸ್‌ಟಿಡಿ ಮಾಡಬೇಕಿತ್ತು. ರಾತ್ರಿ 11ರ ಮೇಲೆ ಎಸ್‌ಟಿಡಿಗೆ ಕಾಲು ದರ. ಹಾಗಾಗಿ ಊಟ ಮುಗಿಸಿ ಕ್ವಾರ್ಟರ್ಸಿನಿಂದ ಲೈಬ್ರರಿಗೆ ಹೊರಡುತ್ತಿದ್ದೆ. ನಮ್ಮ ಯಜಮಾನರು ಟಾರ್ಚ್ ಹಿಡಿದು ಜೊತೆಗೆ ಬರುತ್ತಿದ್ದರು. ಕಂಪ್ಯೂಟರ್ ವಿಭಾಗದ ಮೇಷ್ಟ್ರು ಅಷ್ಟೊತ್ತಿಗೆ ಬಾಗಿಲು ತೆಗೆದಿರುತ್ತಿದ್ದರು.

ಎಟಿಡಿಟಿ ಅಂತ ಟೈಪ್ ಮಾಡಿ, 080 ಸೇರಿಸಿ ನಂಬರ್ ಹೊಡೆದು, ಎಂಟರ್ ಒತ್ತುವುದು. ಕಂಪ್ಯೂಟರನ್ನು ಫೋನ್ ಲೈನಿಗೆ ಸೇರಿಸುವ ಮೋಡೆಮ್ ತಾನೇ ಡಯಲ್ ಮಾಡುತ್ತಿತ್ತು. ಆ ಕಡೆಯಿಂದ ಮೊದಲು ಉದ್ದನೆಯ ಒಂದೇ ಸಮನೆ ಸಿಳ್ಳೆ. ಆಮೇಲೆ ಎರಡೂ ಕಡೆಯಿಂದ ಕೀಚಲು, ಕೊನೆಗೆ ಒಲೆ ಮೇಲೆ ಎಣ್ಣೆ ಸಿಡಿದ ಹಾಗೆ ಸರ್ರ್ ಅನ್ನುವ ಶಬ್ದ. ಅದನ್ನು ಈಗ ಎಲ್ಲರೂ ಗದ್ದಲ ಅಂತಾರೆ. ಲೈನ್ ಎಷ್ಟು ಚೆನ್ನಾಗಿದೆ, ಯಾವ ವೇಗದಲ್ಲಿ ಮಾತಾಡೋಣ ಅಂತ ಎರಡು ಯಂತ್ರಗಳು ತೀರ್ಮಾನ ಮಾಡಿಕೊಳ್ಳುತ್ತಿದ್ದದ್ದು ಅದು. ಪರದೆ ಮೇಲೆ 'ಕನೆಕ್ಟ್ 9600' ಅಂತ ಬಂದರೆ ಮೇಷ್ಟ್ರು ಕುರ್ಚಿ ಮುಂದಕ್ಕೆ ಎಳೆದುಕೊಳ್ಳುತ್ತಿದ್ದರು. ಆಮೇಲೆ 'ಲಾಗಿನ್', ಆಮೇಲೆ 'ಪಾಸ್‌ವರ್ಡ್'. ಪಾಸ್‌ವರ್ಡ್ ಹೊಡೆಯುವಾಗ ಪರದೆ ಮೇಲೆ ಒಂದು ಚುಕ್ಕಿ ಕೂಡ ಮೂಡುತ್ತಿರಲಿಲ್ಲ. ಕತ್ತಲಲ್ಲಿ ಬೀಗದ ಕಿಂಡಿ ಹುಡುಕಿದ ಹಾಗೆ. ಮಳೆಗಾಲದಲ್ಲಂತೂ ಎಲ್ಲೋ ಕೇಬಲ್ ಜಾಯಿಂಟಿಗೆ ನೀರು ಇಳಿದು, ಅಕ್ಷರಗಳ ಮಧ್ಯೆ ಬ್ರಾಕೆಟ್ಟು, ಸೊನ್ನೆ, ಏನೇನೋ ಗುರುತು ಉದುರುತ್ತಿದ್ದವು. ಹಿಂದೆಯೇ 'ನೋ ಕ್ಯಾರಿಯರ್', ಅಂದರೆ ಲೈನ್ ಕಟ್. ಮತ್ತೆ ಡಯಲ್.

ಆದರೂ ಕೆಲಸ ಆಗುತ್ತಿತ್ತು. ಕಳಿಸಬೇಕಾದ ಪತ್ರಗಳನ್ನು ಹಗಲಲ್ಲೇ ಟೈಪ್ ಮಾಡಿಟ್ಟುಕೊಂಡು, ಲಾಗಿನ್ ಆದ ತಕ್ಷಣ ಇಮೇಲ್ ಪ್ರೋಗ್ರಾಂ ಆದ ಪೈನ್‌ಗೆ ಹಾಕಿ ಕಳಿಸಿಬಿಡುತ್ತಿದ್ದೆವು. ಪುಟ ಓದಲು ಲಿಂಕ್ಸ್ ಅಂತ ಅಕ್ಷರದ ಬ್ರೌಸರ್ ಇತ್ತು, ಕಾನ್ಸಾಸ್ ವಿಶ್ವವಿದ್ಯಾಲಯದಲ್ಲಿ 1992ರಲ್ಲಿ ಹುಟ್ಟಿದ್ದು. ಚಿತ್ರ ಇರುವ ಕಡೆ ಅದು 'ಇಮೇಜ್' ಅಂತ ಒಂದು ಪದ ತೋರಿಸಿ ಮುಂದೆ ಹೋಗುತ್ತಿತ್ತು. 9600ರ ವೇಗ ಅಂದರೆ ಸೆಕೆಂಡಿಗೆ ಸುಮಾರು 960 ಅಕ್ಷರ. 80 ಅಕ್ಷರದ 24 ಸಾಲು, ಅಂದರೆ ಇಡೀ ಪರದೆ, ಎರಡೇ ಸೆಕೆಂಡಿನಲ್ಲಿ ತುಂಬುತ್ತಿತ್ತು. ಹಾಸ್ಟೆಲಿನ ಒಬ್ಬ ಹುಡುಗನಿಗೆ ಅಮೆರಿಕದ ವಿಶ್ವವಿದ್ಯಾಲಯದಿಂದ ಸೀಟು ಸಿಕ್ಕಿದ ಪತ್ರ ಹೀಗೇ ಬಂತು. ಇಪ್ಪತ್ತು ಸಾಲು ಇತ್ತು. ಡಾಟ್ ಮ್ಯಾಟ್ರಿಕ್ಸ್‌ನಲ್ಲಿ ಪ್ರಿಂಟ್ ತೆಗೆದು ಬೆಳಿಗ್ಗೆ ಕೊಟ್ಟಾಗ, ಅಂಚಿನ ತೂತಿನ ಪಟ್ಟಿಯನ್ನೂ ಹರಿಯದೆ ಹಾಗೇ ಮಡಚಿ ಜೇಬಿಗಿಟ್ಟುಕೊಂಡ.

ಈಗ ನಾನು ಸಾಗರ ತಾಲ್ಲೂಕಿನ ನಮ್ಮ ಹಳ್ಳಿಯ ಮನೆಯಲ್ಲಿದ್ದೇನೆ. ಕಳೆದ ಮೇ ತಿಂಗಳಲ್ಲಿ ಪಕ್ಕದ ಮನೆಯ ಹುಡುಗಿಯ ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂತು. ಮನೆಯೊಳಗೆ ಸಿಗ್ನಲ್ ಇಲ್ಲ. ತೋಟದ ಮೇಲಿನ ದರೆ ಹತ್ತಿ ಹಲಸಿನ ಮರದ ಹತ್ತಿರ ನಿಂತರೆ ಫೋನಿನ ಮೂಲೆಯಲ್ಲಿ 'ಇ' ಅಂತ ಒಂದು ಅಕ್ಷರ ಬರುತ್ತದೆ, ಅಂದರೆ ಎಡ್ಜ್ ಅನ್ನುವ ಹಳೇ ನಿಧಾನದ ನೆಟ್. ಅವಳು, ಅವಳಮ್ಮ, ನಾನು ಅಲ್ಲಿ ನಿಂತೆವು. ಫಲಿತಾಂಶ ತೋರಿಸುವ ಯಾವುದೋ ಜಾಲತಾಣ ತೆರೆದರೆ ಮೊದಲು ದೊಡ್ಡದೊಂದು ಫೋಟೊ ಅರ್ಧ ಮೂಡಿತು. ಅದರ ಕೆಳಗೆ ಜಾಹೀರಾತಿಗೆ ಬಿಟ್ಟ ಬಿಳಿ ಜಾಗ. ನೋಂದಣಿ ಸಂಖ್ಯೆ ಹಾಕುವ ಚೌಕ ಬರಲೇ ಇಲ್ಲ. ಮುಕ್ಕಾಲು ಗಂಟೆ ಆ ಚಕ್ರ ತಿರುಗುತ್ತಿತ್ತು. ಹುಡುಗಿ ಹಾಲ್ ಟಿಕೆಟ್ಟನ್ನು ಸುರುಳಿ ಸುತ್ತುವುದು, ಬಿಚ್ಚುವುದು ಮಾಡುತ್ತಾ ನಿಂತಿದ್ದಳು. ಕೊನೆಗೆ ಬೆಂಗಳೂರಿನಲ್ಲಿರುವ ಅವಳ ಮಾವ ಫೋನ್ ಮಾಡಿ ಅಂಕ ಓದಿ ಹೇಳಿದರು.

ಆ 'ಇ' ಕೂಡ ನಮ್ಮ ಹಳೇ ಮೋಡೆಮ್‌ಗಿಂತ ಜಾಸ್ತಿ ವೇಗದ್ದೇ. ಅಂಕಪಟ್ಟಿಯಲ್ಲಿ ಇರುವುದಾದರೂ ಎಷ್ಟು? ಹೆಸರು, ನೋಂದಣಿ ಸಂಖ್ಯೆ, ಆರು ವಿಷಯ, 625ಕ್ಕೆ ಎಷ್ಟು ಅಂತ ಒಂದು ಮೊತ್ತ. 500 ಅಕ್ಷರ ದಾಟುವುದಿಲ್ಲ. ಯುನಿಕೋಡ್ ಕನ್ನಡದಲ್ಲಿ ಒಂದೊಂದು ಅಕ್ಷರ, ಒಂದೊಂದು ಕಾಗುಣಿತದ ಗುರುತು ಮೂರು ಬೈಟ್, ಅಂದರೆ ಇಂಗ್ಲಿಷಿನ ಮೂರು ಅಕ್ಷರದಷ್ಟು ಜಾಗ, ತಗೊಳ್ಳುತ್ತದೆ. ಅದನ್ನು ಲೆಕ್ಕ ಹಾಕಿದರೂ 1996ರ ಆ ಲೈನಿನಲ್ಲಿ ಮೂರ್ನಾಲ್ಕು ಸೆಕೆಂಡಿನ ಕೆಲಸ. ಅದೇ 3 ಎಂಬಿಯ ಫೋಟೊ ಪುಟ ಬರಬೇಕಾದರೆ ಐವತ್ತು ನಿಮಿಷ ಮೀರುತ್ತಿತ್ತು. ಬೇಡದ ಭಾರವನ್ನೆಲ್ಲ ಪುಟದ ಮೇಲೆ ಹೇರಿ, ಕೊನೆಗೆ ಹಳ್ಳಿಯಲ್ಲಿ ನೆಟ್‌ವರ್ಕ್ ಇಲ್ಲ ಅಂದುಬಿಟ್ಟರೆ ಹೇಗೆ? ಟವರ್ ಬರಲಿ, ಬೇಡ ಅನ್ನುವುದಿಲ್ಲ. ಟವರ್ ಬರುವ ತನಕ ನಮ್ಮ ಮಕ್ಕಳು ಮರದ ಕೆಳಗೆ ಕಾಯಬೇಕಾ?

ಪರೀಕ್ಷೆಯ ಫಲಿತಾಂಶ, ಪಹಣಿ, ಪಿಂಚಣಿ, ಬಸ್ಸಿನ ವೇಳೆ, ಆಸ್ಪತ್ರೆಯ ಚೀಟಿ. ಇಂಥ ಪುಟ ಮಾಡುವವರಲ್ಲಿ ನನ್ನ ಕೋರಿಕೆ ಇಷ್ಟೇ. ಈಗಿರುವ ಪುಟ ಹಾಗೇ ಇರಲಿ. ಅದರ ಪಕ್ಕದಲ್ಲಿ ಬರೀ ಅಕ್ಷರದ ಇನ್ನೊಂದು ಪುಟ ಇಡಿ. ಫೋಟೊ ಬೇಡ, ಓಡುವ ಅಕ್ಷರ ಬೇಡ. ಒಂದು ಚೌಕ, ಒಂದು ಗುಂಡಿ, ಉತ್ತರ. ಅದರ ವಿಳಾಸವನ್ನು ಹಾಲ್ ಟಿಕೆಟ್ ಮೇಲೇ ಅಚ್ಚು ಹಾಕಿಸಿ. ಮುಂದಿನ ಸಲ ಅದೇ ಹುಡುಗಿಯ ತಮ್ಮ ಪರೀಕ್ಷೆಗೆ ಕೂರುತ್ತಾನೆ.

ಇಂತಿ,
ನಿವೃತ್ತ ಗ್ರಂಥಪಾಲಕಿ, ಸಾಗರ ತಾಲ್ಲೂಕು