ಕ್ರಾಕೋವ್‌ನಿಂದ ಅಪ್ಪನಿಗೆ: ಐದು ಪುಸ್ತಕ, ಎರಡು ಪೊಟ್ಟಣ ಹಲ್ವ

ಕ್ರಾಕೋವ್, ಪೋಲೆಂಡ್
ನವೆಂಬರ್ 9

ತೀರ್ಥರೂಪು ಅಪ್ಪನವರಿಗೆ ನಿಮ್ಮ ಪುಟ್ಟಿ ಮಾಡುವ ನಮಸ್ಕಾರಗಳು.

ಇಲ್ಲಿ ನಾನು ಕ್ಷೇಮ. ನೀವು, ಅಮ್ಮ, ಅಣ್ಣ, ಅತ್ತಿಗೆ, ಚಿನ್ನು ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ. ಉಭಯ ಕುಶಲೋಪರಿ. (ಈ ಸಾಲಿಲ್ಲದೆ ಹಾಸ್ಟೆಲಿನಿಂದ ಕಾಗದ ಹಾಕಿದರೆ ನೀವು ಕೆಂಪು ಇಂಕಿನಲ್ಲಿ ತಿದ್ದಿ ವಾಪಸು ಕಳಿಸುತ್ತಿದ್ದಿರಲ್ಲ, ಮರೆತಿಲ್ಲ.)

ನಮ್ಮ ಆಫೀಸಿನ ಒಬ್ಬರು ಬೆಂಗಳೂರಿಗೆ ಬರುತ್ತಿದ್ದಾರೆ. ಅವರ ಕೈಯಲ್ಲಿ ಐದು ಪುಸ್ತಕ ಕೊಟ್ಟಿದ್ದೇನೆ, ಅದರ ಜೊತೆಗೆ ಈ ಕಾಗದ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ವಾಟ್ಸಾಪ್‌ ಕಾಲಿಗೆ ದುಡ್ಡಿಲ್ಲ ಅಂತ ಎಷ್ಟು ಸಲ ಹೇಳಿದರೂ ನೀವು ಐದನೇ ನಿಮಿಷಕ್ಕೆ "ಸರಿ, ಬಿಲ್ ಬರುತ್ತೆ, ಇಡು" ಅಂದುಬಿಡುತ್ತೀರಿ. ಮೊನ್ನೆಯೂ ಹಾಗೇ ಆಯಿತು. ಇಡುವ ಮುಂಚೆ ನೀವು ಕೇಳಿದ್ದು ಇಷ್ಟು: "ಐದೂ ಒಬ್ಬನದೇ ಅಂತೀಯ. ಅನ್ನ ಬೆಂದಿದೆಯಾ ನೋಡೋಕೆ ಒಂದು ಅಗುಳು ಸಾಲದಾ?"

ಸಾಲದು ಅಪ್ಪ. ಈ ಮಡಕೆಯಲ್ಲಿ ಒಂದು ಅಗುಳು ಅನ್ನ, ಪಕ್ಕದ್ದು ರಾಗಿ, ಮೂರನೆಯದು ಕಚ್ಚಿದರೆ ಹಲ್ಲು ಮುರಿಯುವ ಕಲ್ಲು. ಲೇಖಕನ ಹೆಸರು ಸ್ಟಾನಿಸ್ಲಾವ್ ಲೆಮ್, ಪೋಲೆಂಡಿನ ವೈಜ್ಞಾನಿಕ ಕಥೆಗಾರ. ಬರೆಯುವುದು ಹಾಗೆ, ಇಲ್ಲಿಯವರ ಬಾಯಲ್ಲಿ ಅದು ಸ್ತಾನಿಸ್ವಾಫ್. 1974ರಲ್ಲಿ ಅಮೆರಿಕದ ಲೇಖಕ ಫಿಲಿಪ್ ಕೆ. ಡಿಕ್ ಎಫ್‌ಬಿಐಗೆ ಒಂದು ಕಾಗದ ಬರೆದ. ಲೆಮ್ ಎನ್ನುವುದು ಒಬ್ಬ ಮನುಷ್ಯನೇ ಅಲ್ಲ, ಕಮ್ಯುನಿಸ್ಟರು ಕಟ್ಟಿಕೊಂಡ ಸಮಿತಿ ಇರಬೇಕು ಎಂದು ದೂರು. ಕೊಟ್ಟ ಕಾರಣಗಳಲ್ಲಿ ಒಂದು, ಈತ ಹಲವು ಶೈಲಿಗಳಲ್ಲಿ ಬರೆಯುತ್ತಾನೆ ಎಂಬುದು! ತಮಾಷೆ ಏನೆಂದರೆ ಅಮೆರಿಕದ ವೈಜ್ಞಾನಿಕ ಕಥೆಗಾರರನ್ನೆಲ್ಲ ಜಾಡಿಸುತ್ತಿದ್ದ ಲೆಮ್, ಅವರ ನಡುವೆ ನಿಜವಾದ ದಾರ್ಶನಿಕ ಎಂದು ಹೊಗಳಿದ್ದು ಈ ಡಿಕ್‌ನನ್ನೇ.

ನವೆಂಬರ್ 1ರಂದು ನಿಮಗೆ ರಾಜ್ಯೋತ್ಸವ, ಇಲ್ಲಿ ಸತ್ತವರ ಹಬ್ಬ. ಪಿತೃಪಕ್ಷಕ್ಕೂ ದೀಪಾವಳಿಗೂ ಮದುವೆ ಮಾಡಿಸಿದ ಹಾಗಿರುತ್ತದೆ. ಊರಿಗೆ ಊರೇ ಸ್ಮಶಾನಕ್ಕೆ ಹೋಗಿ ಗಾಜಿನ ಬುಡ್ಡಿಯೊಳಗೆ ಮೇಣದ ದೀಪ ಹಚ್ಚಿಟ್ಟು ಬರುತ್ತದೆ. ಗೋರಿಗಳ ಮೇಲೆಲ್ಲ ಸೇವಂತಿಗೆ. ಅಮ್ಮನಿಗೆ ಹೇಳಿ, ಅವಳು ದಿನಾ ಮುಡಿಯುವ ಹೂವನ್ನು ಇಲ್ಲಿ ಯಾರ ಮನೆಗೂ ಹಿಡಿದುಕೊಂಡು ಹೋಗುವ ಹಾಗಿಲ್ಲ. ನಾನೂ ಟ್ರಾಮಿನಲ್ಲಿ ಸಾಲ್ವತೋರ್ ಎಂಬ ಕೊನೇ ಸ್ಟಾಪಿನವರೆಗೆ ಹೋಗಿ, ಅಲ್ಲಿಂದ ಗುಡ್ಡ ಹತ್ತಿದೆ. ಹೋದ ವರ್ಷವೂ ಹೋಗಿದ್ದೆ, ಆಗ ಗೋರಿ ಸಿಗದೆ ಕತ್ತಲಾಗಿ, ಬುಡ್ಡಿಯನ್ನು ಯಾರೋ ಅಪರಿಚಿತರ ಮುಂದೆ ಇಟ್ಟು ಬಂದಿದ್ದೆ. ಈ ಸಲ ಸಿಕ್ಕಿತು. 2006ರ ಮಾರ್ಚ್ 27ಕ್ಕೆ ತೀರಿಕೊಂಡ ಲೆಮ್ ಅಲ್ಲಿದ್ದಾನೆ. ಕಲ್ಲಿನ ಮೇಲೆ ಲ್ಯಾಟಿನ್‌ನಲ್ಲಿ ಒಂದೇ ಸಾಲು: ನನ್ನ ಕೈಲಾದದ್ದು ಮಾಡಿದೆ, ಬಲ್ಲವರು ಇನ್ನೂ ಚೆನ್ನಾಗಿ ಮಾಡಲಿ. ನೀವು ರಿಟೈರಾದ ದಿನ ಸ್ಟಾಫ್ ರೂಮಿನಲ್ಲಿ ಆಡಿದ ಮಾತೂ ಹೆಚ್ಚುಕಡಿಮೆ ಇದೇ, ನೀವು ಸ್ವಲ್ಪ ಉದ್ದ ಮಾಡಿದಿರಿ ಅಷ್ಟೆ.

ಆತ ಹುಟ್ಟಿದ್ದು 1921ರಲ್ಲಿ, ಆಗ ಪೋಲೆಂಡಿನಲ್ಲಿದ್ದ ಲ್ವೂಫ್‌ನಲ್ಲಿ. ಈಗ ಅದು ಉಕ್ರೇನಿನ ಲ್ವಿವ್. ಅಪ್ಪ ಗಂಟಲು ಡಾಕ್ಟರು. ಬಾಲ್ಯದ ನೆನಪಿನ ಪುಸ್ತಕವೊಂದಿದೆ, ಅದರಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ ಹೇಳುತ್ತೇನೆ. ಹುಡುಗ ಕ್ಲಾಸಿನಲ್ಲಿ ಪಾಠ ನಡೆಯುವಾಗ ಕದ್ದು ಕೂತು ಸುಳ್ಳು ದಾಖಲೆ ತಯಾರಿಸುತ್ತಿದ್ದ. ಗುರುತಿನ ಚೀಟಿ, ಪರವಾನಗಿ, ಪಾಸು, ಸೀಲು, ಸಹಿ, ಎಲ್ಲ. ಇಲ್ಲದ ರಾಜ್ಯದ ಇಲ್ಲದ ಕೋಟೆಯೊಳಗೆ ಹೋಗಲು. ಕೋಟೆಯ ಕಥೆ ಮಾತ್ರ ಬರೆಯುತ್ತಿರಲಿಲ್ಲ, ಬರೀ ಪರವಾನಗಿ. ಹತ್ತಾರು ಪರವಾನಗಿ ನೋಡಿದರೆ ಕೋಟೆ ತಾನಾಗಿ ಎದ್ದು ನಿಲ್ಲುತ್ತಿತ್ತು. ಆಮೇಲೆ ಜರ್ಮನರು ಬಂದರು. ಇವರದು ಯಹೂದಿ ಮನೆತನ. ಇಪ್ಪತ್ತರ ಹುಡುಗನ ಜೀವ ಉಳಿಸಿದ್ದು ಸುಳ್ಳು ಗುರುತಿನ ಚೀಟಿ. ಬೇರೆ ಹೆಸರು ಹೊತ್ತು ಗ್ಯಾರೇಜಿನಲ್ಲಿ ಮೆಕ್ಯಾನಿಕ್ಕಾಗಿ, ವೆಲ್ಡರ್ ಆಗಿ ದುಡಿದ. ಯುದ್ಧ ಮುಗಿದಾಗ ಗಡಿ ಸರಿದಿತ್ತು, ಊರು ಬೇರೆ ದೇಶಕ್ಕೆ ಸೇರಿತ್ತು, ಮನೆಯವರು ಗಂಟುಮೂಟೆ ಕಟ್ಟಿ ಈ ಕ್ರಾಕೋವ್‌ಗೆ ಬಂದರು. ಇಲ್ಲಿ ವೈದ್ಯಕೀಯ ಓದಿ, ಪಾಸಾದರೆ ಸೈನ್ಯದ ಡಾಕ್ಟರು ಮಾಡಿಬಿಡುತ್ತಾರೆಂದು ಕೊನೇ ಪರೀಕ್ಷೆಗೆ ಕೂರಲೇ ಇಲ್ಲ. ನಾನು ಆ ಕೆಲಸ ಮಾಡಿದ್ದರೆ ನೀವು ಏನು ಮಾಡುತ್ತಿದ್ದಿರೋ.

ಈಗ ಪುಸ್ತಕಗಳು. ಮೊದಲು "ಸೈಬರಿಯಾಡ್" ತೆಗೆಯಿರಿ, 1965ರದ್ದು. ತ್ರುರ್ಲ್ ಮತ್ತು ಕ್ಲಪೌಸಿಯಸ್ ಎಂಬ ಇಬ್ಬರು ಯಂತ್ರಶಿಲ್ಪಿಗಳು, ಅವರೂ ರೋಬಾಟ್‌ಗಳೇ. ಒಂದು ಕಥೆಯಲ್ಲಿ ತ್ರುರ್ಲ್ ಎಂಟು ಅಂತಸ್ತಿನ ಲೆಕ್ಕದ ಯಂತ್ರ ಕಟ್ಟುತ್ತಾನೆ. ಎರಡು ಮತ್ತು ಎರಡು ಎಷ್ಟು ಅಂದರೆ ಏಳು ಅನ್ನುತ್ತದೆ. ತಪ್ಪು ಅಂದರೆ ಸಿಟ್ಟು, ಬುಡ ಕಿತ್ತುಕೊಂಡು ಎದ್ದು ಊರು ತುಳಿಯುತ್ತ ಇಬ್ಬರನ್ನೂ ಅಟ್ಟಿಸಿಕೊಂಡು ಹೋಗುತ್ತದೆ. ನಿಮ್ಮ ಹತ್ತನೇ ಕ್ಲಾಸಿನ ಹಿಂದಿನ ಬೆಂಚಿನವರು ನೆನಪಾಗುತ್ತಾರೆ.

ಮೊದಲ ಕಥೆ ಚಿನ್ನುವಿಗೆ ವಿಡಿಯೋ ಕಾಲಿನಲ್ಲಿ ಹೇಳಿದ್ದೇನೆ. ತ್ರುರ್ಲ್ ಮಾಡಿದ ಒಂದು ಯಂತ್ರ "ನ" ಅಕ್ಷರದಿಂದ ಶುರುವಾಗುವುದನ್ನೆಲ್ಲ ತಯಾರಿಸುತ್ತದೆ. ಪೋಲಿಷ್‌ನಲ್ಲೂ "ನ", ಇಂಗ್ಲಿಷ್‌ನಲ್ಲೂ "ನ", ನಮ್ಮ ಪುಣ್ಯಕ್ಕೆ ಕನ್ನಡಕ್ಕೂ ಒಗ್ಗಿತು. ನಾನು ನವಿಲು, ನೇಗಿಲು, ನುಗ್ಗೆಕಾಯಿ, ನಿಂಬೆಹಣ್ಣು ಅಂತ ಮಾಡಿಸಿದೆ. ಕ್ಲಪೌಸಿಯಸ್ ಹೊಟ್ಟೆಕಿಚ್ಚಿಗೆ "ಏನೂ ಇಲ್ಲದ್ದು" ಮಾಡು ಅನ್ನುತ್ತಾನೆ, ನಾನು "ನಾಸ್ತಿ" ಮಾಡು ಅಂದೆ. ಯಂತ್ರ ಸುಮ್ಮನೆ ನಿಂತಿತು ಅಂದುಕೊಂಡರೆ, ಅದು ಲೋಕದ ಒಂದೊಂದೇ ವಸ್ತುವನ್ನು ಇಲ್ಲವಾಗಿಸತೊಡಗಿದೆ! ನಿಲ್ಲಿಸು ಎಂದು ಬೇಡಿಕೊಂಡು ನಿಲ್ಲಿಸುವಷ್ಟರಲ್ಲಿ ಎಷ್ಟೋ ಹೋಗಿಬಿಟ್ಟಿವೆ. ವಾಪಸು ಕೊಡು ಅಂದರೆ, "ನ"ದಿಂದ ಶುರುವಾಗುವುದಾದರೆ ಮಾತ್ರ ಸಾಧ್ಯ ಅನ್ನುತ್ತದೆ. ಆಕಾಶದಲ್ಲಿ ಇಷ್ಟು ಕತ್ತಲು, ಅಲ್ಲೊಂದು ಇಲ್ಲೊಂದು ನಕ್ಷತ್ರ ಉಳಿದಿರುವುದು ಅದಕ್ಕೇ. ಚಿನ್ನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅತ್ತೆ, ನಾನು ಅನ್ನೋದೂ ನ ಅಲ್ವಾ? ಹಾಗಾದ್ರೆ ನನ್ನನ್ನೂ ಮಾಡುತ್ತಾ?" ಅಂದಳು. ನನಗೆ ಉತ್ತರ ಹೊಳೆಯಲಿಲ್ಲ. ನಿಮಗೆ ಹೊಳೆದರೆ ಅವಳಿಗೆ ಹೇಳಿ.

ಇನ್ನೊಂದು ಕಥೆಯಲ್ಲಿ ಕವಿತೆ ಕಟ್ಟುವ ಯಂತ್ರವಿದೆ. ಕ್ಲಪೌಸಿಯಸ್ ಪ್ರತಿಯೊಂದು ಪದವೂ ಒಂದೇ ಅಕ್ಷರದಿಂದ ಶುರುವಾಗುವ ಪದ್ಯ ಕೇಳುತ್ತಾನೆ. ನನ್ನ ಕೆಳಗಿನ ಮನೆಯ ಅಜ್ಜಿಗೆ ಅದು ಬಾಯಿಪಾಠ. ಒಂದು ಸಂಜೆ ಮೆಟ್ಟಿಲ ಮೇಲೆ ನಿಂತೇ ಒಪ್ಪಿಸಿದರು. ಪೋಲಿಷ್‌ನಲ್ಲಿ ಎಲ್ಲ ಪದವೂ "ತ್ಸ" ಅಂತ ಉಚ್ಚರಿಸುವ ಅಕ್ಷರದ್ದು, ಒಗ್ಗರಣೆಯಲ್ಲಿ ಸಾಸಿವೆ ಸಿಡಿದಂತೆ ಕೇಳಿಸಿತು. ಬದಲಿಗೆ ನಾನು ತರೀಕೆರೆ ಏರಿ ಮೇಲೆ ಮೂರು ಕರಿ ಕುರಿಮರಿ ಮೇಯಿಸಿದೆ. ನಿಮ್ಮ ಕೈಯಲ್ಲಿರುವ ಇಂಗ್ಲಿಷಿನಲ್ಲಿ ಆ ಪದ್ಯ ಹುಡುಕಬೇಡಿ, ಅಲ್ಲಿಲ್ಲ. ಅನುವಾದಕ ಮೈಕಲ್ ಕ್ಯಾಂಡೆಲ್ ಅದನ್ನು ಬಿಟ್ಟು, "ಸ"ಕಾರದಲ್ಲಿ ಕ್ಷೌರದ ಮೇಲೆ ಹೊಸ ಪದ್ಯವನ್ನೇ ಕಟ್ಟಿದ್ದಾನೆ. ಮಾತಿಗೆ ಮಾತು ಇಟ್ಟು ಕೂರದೆ ಆಟಕ್ಕೆ ಆಟ ಹೂಡಿದ್ದಾನೆ. ನನಗಂತೂ ಅದೇ ಸರಿ ಅನ್ನಿಸುತ್ತದೆ.

ನಕ್ಕು ಮುಗಿದ ಮೇಲೆ "ಸೊಲಾರಿಸ್". 1961ರದ್ದು. ಆದರೆ ಒಂದು ಎಚ್ಚರಿಕೆ. ನಾನು ಕಳಿಸಿರುವ ಇಂಗ್ಲಿಷ್ ಪೋಲಿಷ್‌ನಿಂದ ಬಂದದ್ದಲ್ಲ, ಫ್ರೆಂಚ್ ಅನುವಾದದಿಂದ ಇಳಿಸಿದ್ದು. ಲೆಮ್‌ಗೆ ಅದು ಹಿಡಿಸಿರಲಿಲ್ಲ. ಬಿಲ್ ಜಾನ್‌ಸ್ಟನ್ ನೇರವಾಗಿ ಪೋಲಿಷ್‌ನಿಂದ ಮಾಡಿದ್ದು 2011ರಲ್ಲಿ ಬಂತು, ಅದು ಕಿವಿಯಲ್ಲಿ ಕೇಳುವುದಕ್ಕೋ ಮೊಬೈಲಿನಲ್ಲಿ ಓದುವುದಕ್ಕೋ ಸಿಗುತ್ತದೆ, ನಿಮಗೆ ಎರಡೂ ಆಗದು. ಹಾಗಾಗಿ ಮೂಲದಲ್ಲಿ ಹಾರೆ ಎಂಬ ಹೆಸರಿನ ಕಥಾನಾಯಕನ ಹೆಂಡತಿ ನಿಮ್ಮ ಪುಸ್ತಕದಲ್ಲಿ ರೇಯಾ ಆಗಿದ್ದಾಳೆ, ಸ್ನಾಉತ್ ಎಂಬ ವಿಜ್ಞಾನಿ ಸ್ನೋ ಆಗಿದ್ದಾನೆ. ಗಾಬರಿಯಾಗಬೇಡಿ.

ಒಂದು ಗ್ರಹ, ಅದರ ತುಂಬ ಒಂದೇ ಸಮುದ್ರ, ಆ ಸಮುದ್ರಕ್ಕೆ ಜೀವವಿದೆ. ಯೋಚನೆಯೂ ಇರಬಹುದು. ನೂರಕ್ಕೂ ಹೆಚ್ಚು ವರ್ಷ ಮನುಷ್ಯರು ಅದನ್ನು ಅಭ್ಯಾಸ ಮಾಡಿದ್ದಾರೆ, ಅದಕ್ಕೊಂದು ಶಾಸ್ತ್ರವೇ ಬೆಳೆದಿದೆ, ಪಂಥಗಳಿವೆ, ಜಗಳಗಳಿವೆ, ಸಮುದ್ರದ ಮೇಲೆ ಏಳುವ ಆಕಾರಗಳಿಗೆಲ್ಲ ಹೆಸರು ಕೊಟ್ಟು ವಿಂಗಡಿಸಿದ್ದಾರೆ. ಸಮುದ್ರ ಮಾತ್ರ ಒಂದಕ್ಷರ ಉತ್ತರಿಸಿಲ್ಲ. ಗ್ರಹದ ಮೇಲೆ ತೇಲುವ ನಿಲ್ದಾಣಕ್ಕೆ ಬಂದ ಕೆಲ್ವಿನ್ ಎಂಬ ಮನಶ್ಶಾಸ್ತ್ರಜ್ಞ ಬೆಳಿಗ್ಗೆ ಕಣ್ಣು ಬಿಟ್ಟರೆ, ವರ್ಷಗಳ ಹಿಂದೆ ಸತ್ತ ಹೆಂಡತಿ ಎದುರಿಗೆ ಕೂತಿದ್ದಾಳೆ. ಸಮುದ್ರವೇ ಅವನ ನೆನಪಿನಿಂದ ಅವಳನ್ನು ಎತ್ತಿ ಕಳಿಸಿದೆ. ಯಾಕೆ? ಶಿಕ್ಷೆಯೋ, ಉಡುಗೊರೆಯೋ, ಪ್ರಯೋಗವೋ, ಅದಕ್ಕೆ ತಾನು ಏನು ಮಾಡಿದೆನೆಂಬುದೇ ತಿಳಿಯದೋ? ಪುಸ್ತಕ ಹೇಳುವುದಿಲ್ಲ. ಮರೆತು ಬಿಟ್ಟದ್ದಲ್ಲ, ಬೇಕೆಂತಲೇ ಹೇಳದೆ ಇಟ್ಟದ್ದು.

ಎಂಟನೇ ಕ್ಲಾಸಿನಲ್ಲಿ ಯಾರೋ ಹುಡುಗ, "ಸಾರ್, ಗುರುತ್ವ ಎಷ್ಟು ಅಂತ ಹೇಳಿದಿರಿ, ಗುರುತ್ವ ಅಂದ್ರೆ ಏನು ಸಾರ್?" ಅಂದಾಗ ನೀವು ಚಾಕ್‌ಪೀಸ್ ಕೆಳಗಿಟ್ಟು "ನನಗೆ ಗೊತ್ತಿಲ್ಲಪ್ಪ" ಅಂದಿದ್ದಿರಿ. ಮೇಷ್ಟರಿಗೆ ಗೊತ್ತಿಲ್ಲವಂತೆ ಎಂದು ಸಂಜೆಯೊಳಗೆ ಊರೆಲ್ಲ ಸುದ್ದಿ, ನನಗೆ ಅವಮಾನದಿಂದ ಅಳು. ಸೊಲಾರಿಸ್‌ನ ಗ್ರಂಥಾಲಯದ ಅಧ್ಯಾಯ ಓದುವಾಗ ಆ ಚಾಕ್‌ಪೀಸ್ ಕಣ್ಣ ಮುಂದೆ ಬಂತು.

ಕೊನೆಯ ಪುಟಗಳಲ್ಲಿ ಕೆಲ್ವಿನ್ ಸಮುದ್ರದ ದಡಕ್ಕಿಳಿದು ಅಲೆಯತ್ತ ಕೈ ಚಾಚುತ್ತಾನೆ. ಅಲೆ ತಡೆದು, ಹಿಂಜರಿದು, ಅವನ ಕೈಯನ್ನು ಸುತ್ತುವರಿಯುತ್ತದೆ. ಆದರೆ ತಾಗುವುದಿಲ್ಲ. ನಡುವೆ ಕೂದಲೆಳೆಯಷ್ಟು ಗಾಳಿ ಉಳಿದಿರುತ್ತದೆ. ನಾಲ್ಕಾರು ಸಲ ಹಾಗೆ ಮಾಡಿದ ಮೇಲೆ ಅದಕ್ಕೆ ಬೇಜಾರಾಗಿ ಕೈಯನ್ನೇ ಗಮನಿಸುವುದಿಲ್ಲ. "ಕರ್ವಾಲೋ"ದ ಕೊನೆಯಲ್ಲಿ ಹಾರುವ ಓತಿ ಕೈಗೆ ಸಿಗದೆ ಹೋದಾಗ ನೀವು ಪುಸ್ತಕ ಮುಚ್ಚಿ ಹೊರಗೆ ಹೋಗಿ ಕೂತಿದ್ದಿರಿ. ಇದನ್ನು ಓದುವಾಗ ಪಕ್ಕದಲ್ಲಿ ಕುರ್ಚಿ ಹಾಕಿಟ್ಟುಕೊಳ್ಳಿ. ತಾರ್ಕೋವ್‌ಸ್ಕಿಯ 1972ರ ಸಿನಿಮಾ ಇದೆಯಲ್ಲ, ಅಣ್ಣ ಅದನ್ನು ನೋಡಿದರೆ ಸಾಕು ಅಂದಾನು, ಕೇಳಬೇಡಿ. ಲೆಮ್ ಮಾಸ್ಕೋಗೇ ಹೋಗಿ ಆ ನಿರ್ದೇಶಕನ ಜೊತೆ ಜಗಳವಾಡಿ ಬಂದಿದ್ದ.

ಒಂದು ತಕರಾರು ನನಗೂ ಇದೆ. ಈ ಮನುಷ್ಯನ ಅಷ್ಟೊಂದು ಪುಸ್ತಕಗಳಲ್ಲಿ ಹೆಂಗಸರು ಎಲ್ಲಿ? ನೆನಪಲ್ಲಿ ಉಳಿಯುವವಳು ಹಾರೆ ಒಬ್ಬಳೇ, ಅವಳೂ ಗಂಡನ ನೆನಪಿನಿಂದ ಮಾಡಿದವಳು. ಅಜ್ಜಿಯನ್ನು ಕೇಳಿದೆ. "ಅವನಿಗೆ ಸಮುದ್ರ ಅರ್ಥವಾಗದ್ದು ಸುಲಭವಾಗಿ ಬರೆಯೋಕೆ ಬಂತು, ಅಷ್ಟೆ" ಅಂದರು.

ಮೂರನೆಯದು "ಹಿಸ್ ಮಾಸ್ಟರ್ಸ್ ವಾಯ್ಸ್", 1968. ನಕ್ಷತ್ರಗಳಿಂದ ಬಂದ ಒಂದು ಕಾಗದವನ್ನು ನೆವಾಡಾದ ಮರುಭೂಮಿಯಲ್ಲಿ ಕೂಡಿಹಾಕಿದ ವಿಜ್ಞಾನಿಗಳು ಓದಲು ಹೆಣಗುವ ಕಥೆ. ಸಂಭಾಷಣೆ ಕಡಿಮೆ, ವಾದ ಜಾಸ್ತಿ, ಮಧ್ಯಾಹ್ನದ ಊಟದ ಮೇಲೆ ಹಿಡಿಯಬೇಡಿ. ನಾಲ್ಕನೆಯದು "ಎ ಪರ್ಫೆಕ್ಟ್ ವ್ಯಾಕ್ಯೂಮ್", 1971: ಬರೆದೇ ಇಲ್ಲದ ಪುಸ್ತಕಗಳ ವಿಮರ್ಶೆಗಳ ಸಂಕಲನ, ಮೊದಲ ವಿಮರ್ಶೆ ಆ ಸಂಕಲನದ್ದೇ. ಎರಡು ವರ್ಷ ಬಿಟ್ಟು ಇಲ್ಲದ ಪುಸ್ತಕಗಳಿಗೆ ಮುನ್ನುಡಿಗಳನ್ನೂ ಬರೆದ. ಕ್ಲಾಸಿನಲ್ಲಿ ಪರವಾನಗಿ ಚೀಟಿ ಮಾಡುತ್ತಿದ್ದ ಹುಡುಗ ಎಲ್ಲೂ ಹೋಗಿರಲಿಲ್ಲ ನೋಡಿ.

ಐದನೆಯದು "ಸುಮ್ಮಾ ಟೆಕ್ನಾಲಜಿಯೆ". ಕಥೆಯಲ್ಲ. 1964ರಲ್ಲಿ, ಕಂಪ್ಯೂಟರ್ ಒಂದು ಕೋಣೆಯಷ್ಟಿದ್ದಾಗ, ಇಂದ್ರಿಯಗಳನ್ನು ಯಂತ್ರಕ್ಕೆ ಜೋಡಿಸಿ ಸುಳ್ಳು ಲೋಕದಲ್ಲಿ ಬದುಕಿದರೆ ಅದು ಸುಳ್ಳೆಂದು ತಿಳಿಯುವುದು ಹೇಗೆ ಎಂದು ಈ ಊರಿನಲ್ಲಿ ಕೂತು ಕೇಳಿದ್ದಾನೆ. ನಮ್ಮ ಆಫೀಸಿನಲ್ಲಿ ಈಗ ಬೆಳಗಾದರೆ ಎಐ ಮಾತು, ಪದ್ಯ ಬರೆಯುವ ಯಂತ್ರ ಎಲ್ಲರ ಜೇಬಿನಲ್ಲೂ ಇದೆ. ಯಂತ್ರದ ಹತ್ತಿರ ಈ ಕಾಗದ ಬರೆಸಿದೆಯಾ ಅಂತ ನೀವು ಕೇಳುತ್ತೀರಿ, ಗೊತ್ತು. ಬರೆಸಿದ್ದರೆ ಒತ್ತಕ್ಷರ ಇಷ್ಟು ವಕ್ರವಾಗಿರುತ್ತಿತ್ತೇ?

ಎಲ್ಲವೂ ಚೆನ್ನಾಗಿದೆ ಅಂತ ನಾನು ಹೇಳುವುದಿಲ್ಲ. 1951ರ ಮೊದಲ ಕಾದಂಬರಿ, ಶುಕ್ರಗ್ರಹಕ್ಕೆ ಹೋಗುವವರದ್ದು, ಆಗಿನ ಸರ್ಕಾರಕ್ಕೆ ಹಿಡಿಸುವ ಹಾಗೆ ಬರೆದದ್ದು. ಲೆಮ್‌ಗೇ ಆಮೇಲೆ ಅದರ ಮೇಲೆ ಪ್ರೀತಿ ಉಳಿಯಲಿಲ್ಲ. ಅದನ್ನು ಕಳಿಸಿಲ್ಲ.

ಇನ್ನು ಹಲ್ವ. ಇಲ್ಲಿಯದು ಎಳ್ಳಿನದು, ನಾಗರಪಂಚಮಿಯ ಚಿಗಳಿಯ ದೂರದ ನೆಂಟ ಅನ್ನಬಹುದು, ಆದರೆ ಬಾಯಲ್ಲಿಟ್ಟರೆ ಎಳೆ ಎಳೆಯಾಗಿ ಕರಗುತ್ತದೆ. ಲೆಮ್‌ಗೆ ಹಲ್ವ, ಚಾಕಲೇಟ್ ಹಚ್ಚಿದ ಬಾದಾಮಿ ಮಿಠಾಯಿ ಅಂದರೆ ಪ್ರಾಣ. ಕೊನೆಗಾಲದಲ್ಲಿ ಸಕ್ಕರೆ ಕಾಯಿಲೆ ಬಂದ ಮೇಲೂ ಬಿಡಲಿಲ್ಲ. ಇದನ್ನು ನಿಮಗೆ ಹೇಳಬಾರದಿತ್ತು. ಅದಕ್ಕೇ ಎರಡೂ ಪೊಟ್ಟಣ ಅಮ್ಮನ ಹೆಸರಿಗೆ ಕಳಿಸಿದ್ದೇನೆ. ವಾರಕ್ಕೆ ಒಂದು ತುಂಡು, ಅವಳ ಕೈಯಿಂದ, ಮೂರು ತಿಂಗಳ ಟೆಸ್ಟ್ ರಿಪೋರ್ಟ್ ಬಂದ ಮೇಲೆ. ಲಾಗರಿದಮ್ ಟೇಬಲ್ಲಿನ ಹಿಂದೆ ನೀವು ಮೈಸೂರುಪಾಕ್ ಇಡುವ ಜಾಗ ಅವಳಿಗೆ ಯಾವತ್ತೋ ಗೊತ್ತು.

ಸೊಲಾರಿಸ್ ಮುಗಿದ ದಿನ ಫೋನ್ ಮಾಡಿ, ಬಿಲ್ ಬರುವುದಿಲ್ಲ.

ಇಂತಿ,
ನಿಮ್ಮ ಪುಟ್ಟಿ